ಪಡಸಾಲೆಯಲ್ಲಿ ಬಾಗೇವಾಡಿ ರಸ್ತೆ

ಯಾವ ಕೆಲಸವಾದರೂ ಸರಿ, ದುಡ್ಡು ಕಡಿಮೆ ಹಾಕಿ, ಬುದ್ಧಿ ಹೆಚ್ಚು ಹಾಕಿ ಮುಗಿಸಬಹುದು ಎಂಬುದು ನನ್ನ ನಂಬಿಕೆ. ಇದನ್ನು ಕೇಳಿದವರಿಗೆಲ್ಲ ಹೇಳಿದ್ದೇನೆ. ಕೇಳದವರಿಗೆ ಇನ್ನೂ ಹೆಚ್ಚು ಹೇಳಿದ್ದೇನೆ. ಸಿಂದಗಿಯ ಪೇಟೆಯಲ್ಲಿ ಪಂಪಿನ ಬಿಡಿಭಾಗ, ತಾಮ್ರದ ತಂತಿ, ಹಳೆ ಕಬ್ಬಿಣ ಮಾರುವ ನನ್ನ ಅಂಗಡಿ ನಿಂತಿರುವುದೇ ಈ ನಂಬಿಕೆಯ ಮೇಲೆ. ಹೆಗಲಿಗೆ ಚೀಲ ಹಾಕಿಕೊಂಡು ಇಂಡಿ, ಮುದ್ದೇಬಿಹಾಳದ ಸಂತೆಗಳನ್ನು ತಿರುಗಿ ಮೇಲೆ ಬಂದವನು ನಾನು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದನದ ದಲಾಲರು ಸಹ ನನ್ನ ಕೈ ಕಂಡರೆ ತಮ್ಮ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಆದ್ದರಿಂದ ಮುನಿಸಿಕೊಂಡ ಅಳಿಯನನ್ನು ಒಲಿಸಿಕೊಳ್ಳುವ ಕೆಲಸ ಬಂದಾಗ ನಾನು ಒಂದಿಷ್ಟೂ ಹೆದರಲಿಲ್ಲ.

ಹೆದರಬೇಕಿತ್ತು!

ಇದು ಎಪ್ಪತ್ತರ ದಶಕದ ಮಾತು. ಮಗಳು ಶಾಂತಾಳನ್ನು ಆ ಬೇಸಿಗೆಯಲ್ಲಿ ಬಸವನ ಬಾಗೇವಾಡಿಗೆ ಕೊಟ್ಟಿದ್ದೆವು. ಅಳಿಯ ಮಲ್ಲಿನಾಥ ಪುಣೆಯಲ್ಲಿ ಓದಿದವನು, ಕಾಲುವೆ ಕೆಲಸದ ಓವರ್ಸಿಯರು. ಮಾತು ಕಡಿಮೆ, ಮಾನ ಹೆಚ್ಚು. ಮದುವೆಯಾಗಿ ತಿಂಗಳಾದ ಮೇಲೆ ನಾನು ಮೊದಲ ಸಲ ಬೀಗರ ಮನೆಗೆ ಹೋದೆ. ಪಡಸಾಲೆಯಲ್ಲಿ ಅಳಿಯನ ಮೇಲಧಿಕಾರಿಗಳು ನಾಲ್ಕು ಜನ ಚಹಾ ಕುಡಿಯುತ್ತ ಕೂತಿದ್ದರು. ಅಳಿಯ ತನ್ನ ಸಂಬಳದಲ್ಲಿ ಹೊಸದಾಗಿ ಕೊಂಡ ವಾಚನ್ನು ಅವರಿಗೆ ತೋರಿಸುತ್ತಿದ್ದ. ಅದು ಕೈಯಿಂದ ಕೈಗೆ ದಾಟಿ ನನ್ನ ಕೈಗೂ ಬಂತು. ಕಿವಿಗೆ ಹಿಡಿದೆ, ತಿರುಗಿಸಿ ನೋಡಿದೆ.

"ಎಷ್ಟು ಕೊಟ್ರಿ?" ಎಂದೆ.

ಅವನು ಹೇಳಿದ.

"ಟೋಪಿ ಹಾಕ್ಯಾರ ನಿಮಗ! ನನ್ನ ಕರಕೊಂಡ ಹೋಗಿದ್ರ ಅರ್ಧಕ್ಕ ಕೊಡಸ್ತಿದ್ದೆ!"

ಅಧಿಕಾರಿಗಳು ನಕ್ಕರು. ಅಳಿಯ ನಗಲಿಲ್ಲ. ವಾಚನ್ನು ಕಿಸೆಗೆ ಹಾಕಿದ. ಆಮೇಲೆ ಅದನ್ನು ಅವನ ಕೈಯ ಮೇಲೆ ಯಾರೂ ಕಾಣಲಿಲ್ಲವಂತೆ.

ಮದುವೆಯಾದ ಮೊದಲ ಆಷಾಢಕ್ಕೆ ಹೆಣ್ಣುಮಗಳು ತವರಿಗೆ ಬರಬೇಕಲ್ಲ, ಶಾಂತಾ ಬಂದಳು. ಬಿಟ್ಟುಹೋಗಲು ಬಂದವನು ಅಳಿಯನಲ್ಲ, ಅವನ ಅಣ್ಣ. ನಮ್ಮ ಕಡೆ ಆಷಾಢ ಕಳೆದು, ಶ್ರಾವಣದ ನಾಗರ ಪಂಚಮಿ ಮುಗಿಸಿ, ಗಂಡ ಬಂದು ಕರೆದುಕೊಂಡು ಹೋಗುವುದು ಪದ್ಧತಿ. ಕರೆಯಲು ಬಾರದಿದ್ದರೆ ಊರೇ ಲೆಕ್ಕ ಹಾಕಲು ಕೂರುತ್ತದೆ. ಅಳಿಯನಿಂದ ಒಂದು ಕಾಗದವೂ ಬರಲಿಲ್ಲ. ಟಪಾಲಿನವನು ಓಣಿಗೆ ಬಂದರೆ ಸಾಕು, ಶಾಂತಾ ಏನೋ ಕೆಲಸ ನೆನಪಾದವಳಂತೆ ಬಾಗಿಲಿಗೆ ಬರುತ್ತಿದ್ದಳು. ಅವನು ಮುಂದೆ ಹೋದ ಮೇಲೆ ಕೆಲಸ ಮರೆತವಳಂತೆ ಒಳಗೆ ಹೋಗುತ್ತಿದ್ದಳು. 

"ಒಂದು ಕಾಗದ ಬರೀರಿ," ಎಂದಳು ಹೆಂಡತಿ ಗೌರವ್ವ. "ಆಡಬಾರದ ಮಾತು ಆಡೇನಿ, ತಪ್ಪಾತು, ಪಂಚಮಿಗೆ ಬರ್ರಿ ಅಂತ ಬರದ್ರ ಮುಗೀತು."

"ಪಂಚಮಿಗೆ ಬರ್ರಿ ಅನ್ನೂದು ಬರೀತೇನಿ. ತಪ್ಪಾತು ಅನ್ನೂದು ಯಾಕ? ಆ ವಾಚಿಗೆ ಅವ್ರು ಕೊಟ್ಟಿದ್ದು ಜಾಸ್ತಿನ ಐತಿ."

"ಹಂಗಾದ್ರ ಮಗಳ್ನ ಇಲ್ಲೇ ಇಟಗೊಂಡು ವಾಚಿನ ರೇಟು ಹೇಳಕೋತ ಕೂಡ್ರಿ!"

ಪಂಚಮಿಗೆ ಬರ್ರಿ ಎಂದಷ್ಟೇ ಬರೆದು ಟಪಾಲಿಗೆ ಹಾಕಿದೆ. ಉಳಿದದ್ದನ್ನು ಅಳಿಯನಿಗೆ ಇಷ್ಟವಾದದ್ದು ಏನಾದರೂ ಮಾಡಿ ಗೆಲ್ಲಬೇಕು ಎಂದು ನಾನು ತೀರ್ಮಾನಿಸಿದೆ. ಏನಿಷ್ಟ? ಶಾಂತಾಳನ್ನು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, "ಪುಣೆದಾಗ ಅವರ ದೋಸ್ತನ ಮನ್ಯಾಗ ಸಣ್ಣ ಕಾರಿನ ರಸ್ತೆ ಇತ್ತಂತ. ಕರೆಂಟಿನ ಮ್ಯಾಲ ಓಡ್ತಾವಂತ. ಊಟಕ್ಕ ಕೂತಾಗ ಅದನ್ನ ಹೇಳ್ತಾರ. ಆವಾಗಷ್ಟ ಭಾಳ ಮಾತಾಡ್ತಾರ," ಎಂದಳು. ಅದನ್ನು ಹೇಳುವಾಗ ಅವಳೂ ಸ್ವಲ್ಪ ನಕ್ಕಳು. ನನಗೆ ಅಷ್ಟು ಸಾಕಾಯಿತು.

ಮರುವಾರ ಸೊಲ್ಲಾಪುರಕ್ಕೆ ಹೋಗಿ ಗುಜರಿ ಸಾಲನ್ನು ಜಾಲಾಡಿದೆ. ಮೂರನೆಯ ಅಂಗಡಿಯಲ್ಲಿ ಸಿಕ್ಕಿತು! ಯಾರೋ ವಿಲಾಯಿತಿಯಿಂದ ತಂದು, ಮಕ್ಕಳು ದೊಡ್ಡವರಾದ ಮೇಲೆ ತೂಕಕ್ಕೆ ಹಾಕಿದ ಪೆಟ್ಟಿಗೆ. ಅದರಲ್ಲಿ ಅಂಗೈಯಗಲದ ಎರಡು ಕಾರು, ಒಂದು ಕೆಂಪು, ಒಂದು ಹಸಿರು. ಹೆಬ್ಬೆರಳಿನಿಂದ ಒತ್ತಿ ವೇಗ ಹೆಚ್ಚು ಕಡಿಮೆ ಮಾಡುವ ಎರಡು ಹಿಡಿಕೆ. ಮನೆಯ ಕರೆಂಟನ್ನು ಸಣ್ಣದು ಮಾಡಿ ಕೊಡುವ ಒಂದು ಕರಿ ಡಬ್ಬಿ. ಪ್ರತಿ ಕಾರಿನ ಹೊಟ್ಟೆಯ ಕೆಳಗೆ ಒಂದು ಗಿಡ್ಡ ನಾಲಿಗೆ. ಅದು ರಸ್ತೆಯ ನಡುವೆ ಕೊರೆದ ತೋಡಿನಲ್ಲಿ ಇಳಿದು ಕಾರನ್ನು ದಾರಿ ತಪ್ಪದಂತೆ ಹಿಡಿಯಬೇಕು. ತೋಡಿನ ಎರಡೂ ಪಕ್ಕ ತಾಮ್ರದ ಪಟ್ಟಿ ಇದ್ದು ಅದರಿಂದ ಕಾರಿಗೆ ಕರೆಂಟು ಹತ್ತಬೇಕು. ಇಷ್ಟೇ ವಿದ್ಯೆ.

ಪೆಟ್ಟಿಗೆಯಲ್ಲಿ ಇಲ್ಲದ್ದು ಒಂದೇ, ರಸ್ತೆ.

ರಸ್ತೆ ಇಲ್ಲದ ಕಾರೆಂದು ಹೀಗಳೆದು, ಎರಡು ಸಲ ಎದ್ದುಹೋಗಿ, ಒಂದು ಸಲ ಬಸ್ಸಿನವರೆಗೂ ಹೋಗಿ ತಿರುಗಿ ಬಂದು, ಕೊನೆಗೆ ಪೆಟ್ಟಿಗೆಯನ್ನು ಕೊಸರಿನ ಲೆಕ್ಕದಲ್ಲಿ ಎತ್ತಿಕೊಂಡೆ. ಕಾರು ಕೈಗೆ ಬಂದಮೇಲೆ ರಸ್ತೆ ಮಾಡುವುದೇನು ಮಹಾ? ಸರಕಾರವೇ ಮಾಡುತ್ತದೆ, ನನಗೆ ಬಾರದೆ!

ಹಲಗೆಗೆ ನಾನು ಹೊಸ ಪ್ಲೈವುಡ್ ಕೊಳ್ಳಲಿಲ್ಲ. ಅಂಗಡಿಯಲ್ಲಿ ಪಂಪ್ ಸೆಟ್ಟು ಬಂದ ಪೆಟ್ಟಿಗೆಗಳ ಹಲಗೆ ರಾಶಿ ಬಿದ್ದಿತ್ತು. ಬಡಿಗೇರ ಮೌನೇಶಪ್ಪ ಅವುಗಳನ್ನು ಬೆರಳಿನಿಂದ ಬಡಿದು ನೋಡಿದ.

"ಯಜಮಾನ್ರ, ಒಂದು ದಪ್ಪ, ಒಂದು ತೆಳ್ಳಗ ಐತಿ. ಕೂಡು ಕೂಡಿದಲ್ಲೆಲ್ಲಾ ಏಳ್ತದ."

"ನಮ್ಮ ಬಾಗೇವಾಡಿ ರಸ್ತಿ ಏಳೂದಿಲ್ಲೇನು? ಹಂಗ ಇರಲಿ."

ಆಗಲೇ ನನಗೆ ಹೊಳೆದದ್ದು! ಸುಮ್ಮನೆ ಒಂದು ದುಂಡನೆಯ ರಸ್ತೆ ಯಾಕೆ? ಬಾಗೇವಾಡಿಯಿಂದ ಹೊರಟು, ಮನಗೂಳಿ ದಾಟಿ, ಬಿಜಾಪುರ ಬಳಸಿ, ಸಿಂದಗಿಯ ನಮ್ಮ ಮನೆ ಬಾಗಿಲಿಗೆ ಬಂದು ಮತ್ತೆ ಬಾಗೇವಾಡಿಗೆ ತಿರುಗುವ ರಸ್ತೆಯನ್ನೇ ಮಾಡಬೇಕು. ಅಳಿಯನಿಗೆ ಬಾಯಿಬಿಟ್ಟು ಹೇಳದೆ ಎಲ್ಲ ಹೇಳಿದಂತಾಗುತ್ತದೆ. ಇಂಥ ನಾಜೂಕು ಸೂಚನೆಗಳು ನನ್ನ ಮಟ್ಟದ ವ್ಯವಹಾರಸ್ಥರಿಗೆ ಮಾತ್ರ ಹೊಳೆಯುತ್ತವೆ.

ಮೌನೇಶಪ್ಪ ಕಾರಿನ ಹೊಟ್ಟೆಯ ನಾಲಿಗೆಯನ್ನು ಅಳೆದ. "ಮೂರು ಸೂತ ಆಳ ಕೊರೀಬೇಕ್ರಿ," ಎಂದ. ಸೂತವೆಂದರೆ ಬಡಿಗೇರರ ಅಳತೆ, ಇಂಚಿನ ಎಂಟನೆಯ ಪಾಲು. ಅವನು ಮೂರು ಸೂತಕ್ಕೆ ಹೇಳಿದ ಕೂಲಿ ನನಗೆ ಸರಿಬರಲಿಲ್ಲ.

"ಎರಡು ಸೂತ ಮಾಡು. ಕೂಲಿ ಮೂರರಾಗ ಎರಡು ಪಾಲು."

"ಆಳದಾಗ ಚೌಕಾಶಿ ಮಾಡ್ತೀರಲ್ರೀ! ನಾಲಿಗಿ ಕೂಡ್ರಬೇಕಲ್ಲ?"

"ನಾಲಿಗೀನ ಕಡಿಮಿ ಮಾಡಬಾರದೇನು? ಕಾನಸು ಹಾಕಿ ತಿಕ್ಕಿ ಗಿಡ್ಡ ಮಾಡೋಣ."

ಗಿಡ್ಡ ಮಾಡಿದೆವು. ಹದಿನೈದು ದಿನ ಪಡಸಾಲೆಯಲ್ಲಿ ಕಟ್ಟಿಗೆಯ ಹುಡಿ ಹಾರಿತು. ಗೌರವ್ವ ರೊಟ್ಟಿಯ ಮೇಲೂ ಬಟ್ಟೆ ಮುಚ್ಚಿ ಇಡುವಂತಾಯಿತು. ಬಾಗಿಲಿನಷ್ಟು ಅಗಲ, ಮಂಚದಷ್ಟು ಉದ್ದದ ಹಲಗೆಯ ಮೇಲೆ ಅಕ್ಕಪಕ್ಕ ಎರಡು ತೋಡು ಬಳುಕುತ್ತ ಸಾಗಿದವು. ಮನಗೂಳಿಯ ಹತ್ತಿರ ಒಂದನ್ನೊಂದು ದಾಟಿ ಹೆಣೆದುಕೊಂಡವು. ಪಟ್ಟಿಗೆ ಬದಲು ನನ್ನ ಅಂಗಡಿಯ ತಾಮ್ರದ ತಂತಿಯನ್ನೇ ಬಡಿದು ಚಪ್ಪಟೆ ಮಾಡಿ ತೋಡಿನ ಅಂಚಿಗೆ ಅಂಟಿಸಿದೆ. ಕಾರು ಇಟ್ಟೆ. ಗುಂಡಿ ಒತ್ತಿದೆ.

ಕಾರು ಅಲುಗಲಿಲ್ಲ.

ಕರಿ ಡಬ್ಬಿ ಕೆಟ್ಟಿದೆ ಎಂದುಕೊಂಡು ಬಿಚ್ಚಿದೆ. ಸೊಲ್ಲಾಪುರದವನಿಗೆ ಶಾಪ ಹಾಕಿದೆ. ಡಬ್ಬಿ ಮತ್ತೆ ಮುಚ್ಚಿದೆ. ಮುಚ್ಚಿದ ಮೇಲೆ ಎರಡು ತಿರುಪು ಉಳಿದವು. ತಿರುಪು ಉಳಿತಾಯವಾದವೆಂದು ಕಿಸೆಯಲ್ಲಿಟ್ಟೆ. ನಾಲ್ಕು ದಿನ ಹೀಗೆ ಹೆಣಗಿದ ಮೇಲೆ ಮೌನೇಶಪ್ಪ ತನ್ನ ಉಗುರಿನಿಂದ ತಂತಿಯನ್ನು ಕೆರೆದು ನೋಡಿದ.

"ಯಜಮಾನ್ರ, ಇದು ಮೋಟಾರು ಸುತ್ತೋ ತಂತಿ ಅಲ್ರೀ? ಮ್ಯಾಲ ವಾರ್ನೀಸ್ ಐತಿ. ಕರೆಂಟು ಹ್ಯಾಂಗ ಹತ್ತಬೇಕು?"

ಇಪ್ಪತ್ತು ವರ್ಷದಿಂದ ಆ ತಂತಿ ಮಾರುತ್ತಿದ್ದವನು ನಾನು. 'ಮೊದಲು ವಾರ್ನೀಸ್ ಕೆರೆಯಿರಿ, ಆಮೇಲೆ ಜೋಡಿಸಿರಿ' ಎಂದು ಗಿರಾಕಿಗಳಿಗೆ ದಿನಾ ಉಪದೇಶ ಮಾಡುವವನೂ ನಾನು!

ಮೂರು ದಿನ ಗೌರವ್ವ, ಶಾಂತಾ, ನಾನು ಮೂವರೂ ಮೊಣಕಾಲೂರಿ ಉಸುಕಿನ ಕಾಗದದಿಂದ ಬಾಗೇವಾಡಿ ರಸ್ತೆಯನ್ನು ತಿಕ್ಕಿದೆವು. ಅಳಿಯನಿಂದ ಆಗಲೂ ಕಾಗದವಿಲ್ಲ. "ಅಪ್ಪಾ, ಅವ್ರು ಬರದಿದ್ರ?" ಎಂದು ಶಾಂತಾ ತಲೆ ಎತ್ತದೆ ಕೇಳಿದಳು. "ಬರ್ತಾರ ಬಿಡವ್ವಾ," ಎಂದೆ. ಕೈಯಲ್ಲಿನ ಕಾಗದ ಮಾತ್ರ ಒಂದೇ ಜಾಗವನ್ನು ತಿಕ್ಕುತ್ತ ನಿಂತಿತ್ತು.

ಕೊನೆಗೆ ಕಾರು ಓಡಿತು. ಬಾಗೇವಾಡಿ ಬಿಟ್ಟಿತು, ಮನಗೂಳಿಯ ಕೂಡಿನಲ್ಲಿ ಜಿಗಿಯಿತು, ಬಿಜಾಪುರದ ತಿರುವಿನಲ್ಲಿ ಎರಡು ಸೂತ ಆಳದ ತೋಡನ್ನು ಲೆಕ್ಕಕ್ಕೇ ಹಿಡಿಯದೆ ಹಾರಿತು. ಅಡುಗೆಮನೆಯ ಹೊಸ್ತಿಲು ದಾಟಿ ಕುದಿಯುವ ಬೇಳೆಯೊಳಗೆ ಬಿತ್ತು.

"ರೀ, ನಿಮ್ಮ ಅಳಿಯನ ಕಾರು ಬ್ಯಾಳಿದಾಗ ಐತಿ. ಒಗ್ಗರಣಿ ಹಾಕಲೇನು?"

ತಿರುವುಗಳಲ್ಲಿ ಮೆಲ್ಲಗೆ ಓಡಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡು ನಾನು ಅಲಂಕಾರಕ್ಕೆ ಕೈಹಾಕಿದೆ. ಹಲಗೆಯ ಮೇಲೆ ಹೊಲದ ಕರಿ ಮಣ್ಣು ತಂದು ಹರವಿದೆ. ವಿಲಾಯಿತಿಯಲ್ಲಿ ಹಸಿರು ಬಣ್ಣದ ಹೊಟ್ಟು ಉದುರಿಸಿ ಹುಲ್ಲು ತೋರಿಸುತ್ತಾರಂತೆ. ನಮ್ಮಲ್ಲಿ ಆ ಸುಳ್ಳು ಯಾಕೆ? ನವರಾತ್ರಿಯ ಘಟಕ್ಕೆ ಸಸಿ ಹಾಕುವ ಹಾಗೆ ನಿಜವಾದ ಜೋಳ ನೆನೆಸಿ ಬಿತ್ತಿ, ದಿನಕ್ಕೆ ಎರಡು ಸಲ ನೀರು ಚಿಮುಕಿಸಿದೆ. ನಾಲ್ಕೇ ದಿನಕ್ಕೆ ಮೊಳಕೆ! ವಾರಕ್ಕೆ ಬಾಗೇವಾಡಿಯಿಂದ ಸಿಂದಗಿಯವರೆಗೆ ಎಂಥ ವರ್ಷವೂ ಕಾಣದ ಪೀಕು ನಿಂತಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆ ಮಾಡಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದ ಮಣ್ಣಿನ ಎತ್ತುಗಳನ್ನು ರಸ್ತೆಗೆ ಅಡ್ಡವಾಗಿ ನಿಲ್ಲಿಸಿದೆ. ಎತ್ತು ಕಾರಿಗಿಂತ ಎರಡು ಪಟ್ಟು ಎತ್ತರವಿದ್ದದ್ದರಿಂದ ಕಾರು ಅವುಗಳ ಹೊಟ್ಟೆಯ ಕೆಳಗೆ ಹಾಯ್ದುಹೋಗುವಂತಾಯಿತು. ಬಿಜಾಪುರದ ಗೋಳಗುಮ್ಮಟವನ್ನು ನನ್ನ ಕೈಯಾರೆ ಮಣ್ಣಿನಿಂದ ಮಾಡಿದೆ. ಶಾಂತಾ ಅದನ್ನು ನೋಡಿ, "ಉಂಡಿ ಛಲೋ ಬಂದೈತಿ, ಅಪ್ಪಾ," ಎಂದಳು.

ನೀರು ಕುಡಿದ ಪೆಟ್ಟಿಗೆ ಹಲಗೆ ಉಬ್ಬಿ ತೋಡುಗಳ ಬಾಯಿ ಕಿರಿದಾಗುತ್ತಿರುವುದು ನನ್ನ ಗಮನಕ್ಕೆ ಬರಲಿಲ್ಲ. ಕರೆಂಟಿನ ಸೊಕ್ಕಿಗೆ ಆಗಾಗ ಫ್ಯೂಸ್ ಸುಡುತ್ತಿತ್ತು. ಅದಕ್ಕೂ ಉಪಾಯ ಮಾಡಿದೆ. ತೆಳ್ಳನೆಯ ಫ್ಯೂಸ್ ತಂತಿ ತೆಗೆದು ನನ್ನ ಅಂಗಡಿಯ ದಪ್ಪ ತಂತಿಯೇ ಹಾಕಿದೆ. ಫ್ಯೂಸ್ ಸುಡುವುದು ನಿಂತಿತು. ಇಂಥ ಉಪಾಯವನ್ನು ಯಾರಿಗೂ ಹೇಳಿಕೊಡಬೇಡಿ ಎಂದು ಈಗ ನಾನು ಎಲ್ಲರಿಗೂ ಹೇಳುತ್ತೇನೆ.

ಪಂಚಮಿ ಬಂತು. ನಾಗಪ್ಪನಿಗೆ ಹಾಲೆರೆಯುವ ದಿನ. ಅಳಿಯನ ಸುಳಿವಿಲ್ಲ. ಬೆಳಿಗ್ಗೆಯಿಂದ ನಾನು ಎರಡು ಬಸ್ಸಿಗೆ ಹೋಗಿ ಬಂದೆ. ಬಂದು ಬಂದು ಕಾರು ಓಡಿಸಿ ನೋಡುವುದು, ಮತ್ತೆ ಎದ್ದು ಬಾಗಿಲಿಗೆ ಹೋಗುವುದು. ಗೌರವ್ವ ಒಳಗೆ ತಂಬಿಟ್ಟು ಕಟ್ಟುತ್ತಿದ್ದಳು. ಶಾಂತಾ ಹೊಸ ಸೀರೆ ಉಟ್ಟು, ಪಡಸಾಲೆಯ ಜೋಕಾಲಿಯ ಮೇಲೆ ಆಡದೆ ಸುಮ್ಮನೆ ಕೂತಿದ್ದಳು. ಓಣಿಯ ಹೆಣ್ಣುಮಕ್ಕಳು ಕರೆದರೂ ಏಳಲಿಲ್ಲ.

ಮೂರನೆಯ ಸಲ ಬಾಗಿಲಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಪಕ್ಕದ ಮನೆಯ ಕಾಶವ್ವ ಅಜ್ಜಿ ಕೂತಿದ್ದಳು. ಎಂಬತ್ತು ದಾಟಿದವಳು, ಕಣ್ಣು ಮಬ್ಬು. ಪ್ರತಿ ವರ್ಷ ನಮ್ಮ ಮನೆಯ ಮಣ್ಣಿನ ನಾಗಪ್ಪನಿಗೆ ಮೊದಲ ಹಾಲು ಅವಳದೇ. ಕೈಯಲ್ಲಿ ಹಿತ್ತಾಳೆಯ ಗಿಂಡಿ. ಎದುರಿಗೆ ಕರಿ ಮಣ್ಣು, ಎಳೆ ಸಸಿ, ಅದರ ನಡುವೆ ಹೆಣೆದುಕೊಂಡು ಮಿರಮಿರ ಹೊಳೆಯುತ್ತ ಹರಿದ ಎರಡು ತಾಮ್ರದ ಗೆರೆ.

"ಎಷ್ಟು ಛಂದ ಮಾಡಿಸೀಯೋ ತಮ್ಮಾ! ಜೋಡಿ ನಾಗಪ್ಪ!" ಎಂದವಳೇ ಗೋಳಗುಮ್ಮಟದ ಮೇಲೆ ಹೂವಿಟ್ಟಳು.

"ಅಜ್ಜೀ, ಅದು ನಾಗಪ್ಪ ಅಲ್ಲಾ—"

ಗೌರವ್ವ ಒಳಗಿನಿಂದ ಓಡಿ ಬಂದು ನನ್ನ ಕೈ ಹಿಡಿದಳು. "ಬಾಯಿ ಮುಚ್ರಿ! ಹಾಲೆರೆಯೋರ್ನ ನಡುವ ತಡೀಬಾರದು. ಮಗಳ ಬಾಳಿನ ಹೊತ್ತು ಇದು!"

ನಮ್ಮ ಕಡೆ ನಾಗಪ್ಪನಿಗೆ ಹಾಲೆರೆಯುವವರು ಸುಮ್ಮನೆ ಎರೆಯುವುದಿಲ್ಲ. ಮನೆಯ ಒಬ್ಬೊಬ್ಬರ ಹೆಸರಿಗೂ ಒಂದೊಂದು ಪಾಲು. ಕಾಶವ್ವ ಶುರು ಮಾಡಿದಳು.

"ಇದು ನಮ್ಮಪ್ಪನ ಪಾಲು." ಬಾಗೇವಾಡಿಯಲ್ಲಿ ಒಂದು ಧಾರೆ ಹಾಲು.

"ಇದು ನಮ್ಮವ್ವನ ಪಾಲು." ಮನಗೂಳಿಯಲ್ಲಿ.

"ಇದು ನಮ್ಮ ಹಿರೇ ಅಣ್ಣನ ಪಾಲು."

ಹಾಲು ತೋಡಿಗಿಳಿದು ಸಿಂದಗಿಯ ಕಡೆ ಹೊರಟಿತು. ಸಿಂದಗಿಯಲ್ಲಿ ಕರಿ ಡಬ್ಬಿ ಇತ್ತು. ಡಬ್ಬಿಯಲ್ಲಿ ಕರೆಂಟಿತ್ತು. ನಾನು ಗುಂಡಿ ಆರಿಸದೇ ಬಾಗಿಲಿಗೆ ಹೋಗಿದ್ದೆ!

"ಅಜ್ಜಿಗೆ ಎಷ್ಟು ಮಂದಿ ಅಣ್ಣತಮ್ಮಂದ್ರು?" ಎಂದು ಗೌರವ್ವನ ಕಿವಿಯಲ್ಲಿ ಕೇಳಿದೆ.

"ಏಳು ಮಂದಿ."

ನಾನು ಗೋಡೆಯ ಕಡೆ ನಿಧಾನವಾಗಿ ಸರಿಯತೊಡಗಿದೆ. ಗೌರವ್ವ ನನ್ನ ಕೈ ಬಿಡಲಿಲ್ಲ. ಏಳು ಅಣ್ಣತಮ್ಮಂದಿರು ಮುಗಿದರು, ಮೂವರು ಅಕ್ಕಂದಿರು ಮುಗಿದರು. ಹಾಲು ಬಿಜಾಪುರ ದಾಟಿತು. ಇನ್ನು ಗಿಂಡಿ ಖಾಲಿಯಾಯಿತು ಎನ್ನುವಾಗ ಕಾಶವ್ವನಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿತು.

"ಇದು ಶಾಂತವ್ವನ ಗಂಡನ ಪಾಲು!" ಎಂದು ಉಳಿದದ್ದನ್ನೆಲ್ಲ ನೇರ ಸಿಂದಗಿಗೆ ಸುರಿದಳು.

ನಾನು ಕೈ ಕೊಸರಿಕೊಂಡು ಹಾರಿ ಗೋಡೆಯ ಗುಂಡಿ ಆರಿಸಲೂ, ಡಬ್ಬಿ 'ಬುಸ್ಸ್' ಎಂದು ಹೊಗೆ ಬಿಡಲೂ, 'ಫಟ್' ಎಂದು ಎಲ್ಲೋ ಹೊರಗೆ ಸದ್ದಾಗಲೂ ಸರಿಹೋಯಿತು. ಅಜ್ಜಿಗೆ ಏನೂ ಆಗಲಿಲ್ಲ. ನಾನು ಜಾರಿ ಕರಿ ಮಣ್ಣಿನ ಮೇಲೆ ಕೂತೆ.

"ಬುಸ್ ಅಂದ!" ಎಂದು ಕಾಶವ್ವ ಕೈ ಮುಗಿದಳು. "ನಾಗಪ್ಪ ಒಪ್ಪಿಕೊಂಡ!"

ನಮ್ಮ ಮನೆಯ ಫ್ಯೂಸ್ ಹೋಗಲಿಲ್ಲ, ದಪ್ಪ ತಂತಿಯಲ್ಲವೆ? ಹೋದದ್ದು ಕಂಬದ ಮೇಲಿನದು. ಓಣಿಗೆಲ್ಲ ಕರೆಂಟು ಹೋಯಿತು, ಮೂಲೆಯ ಹಿಟ್ಟಿನ ಗಿರಣಿ ನಿಂತಿತು. ಹಬ್ಬದ ಹಿಟ್ಟಿಗೆ ಸಾಲು ಹಚ್ಚಿ ನಿಂತಿದ್ದ ಹತ್ತಾರು ಹೆಣ್ಣುಮಕ್ಕಳು ಬುಟ್ಟಿ ಸಮೇತ ನಮ್ಮ ಬಾಗಿಲಿಗೆ ಬಂದರು.

"ಯಾರ್ರೀ ಕರೆಂಟು ಕೆಡಿಸಿದವ್ರು? ಅರ್ಧ ಹಿಟ್ಟು ಗಿರಣ್ಯಾಗ ಕೂತೈತಿ!"

"ಬೈಬ್ಯಾಡ್ರವ್ವಾ," ಎಂದಳು ಕಾಶವ್ವ. "ಒಳಗ ಬರ್ರಿ. ನಾಗಪ್ಪ ಬುಸ್ ಅಂದಾನ!"

ಜಗಳಕ್ಕೆ ಬಂದವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದರು. ಮನೆಗೆ ಓಡಿದವರು ಹಾಲಿನ ಗಿಂಡಿ ತಂದರು. ಅವರನ್ನು ತಡೆಯಲು ಎದ್ದ ನನ್ನನ್ನು 'ಹಾಲು ತುಳೀಬ್ಯಾಡ್ರಿ' ಎಂದು ಅಲ್ಲೇ ಕೂರಿಸಿದರು. ಅಣ್ಣನ ಪಾಲು, ತಮ್ಮನ ಪಾಲು, ಗಂಡನ ಪಾಲು! ಜೋಳದ ಪೀಕಿನ ನಡುವೆ, ಮಣ್ಣೆತ್ತುಗಳ ಪಕ್ಕ, ಸೊಂಟದ ಕೆಳಗೆ ಹಾಲಿನಲ್ಲಿ ತೊಯ್ದು ನಾನು ಕೂತಿದ್ದಾಗ ಬಾಗಿಲಲ್ಲಿ ಒಬ್ಬ ಗಂಡಸಿನ ನೆರಳು ಬಿತ್ತು. ಕೈಯಲ್ಲಿ ಚೀಲ. ಮುಖ ಗಂಭೀರ.

ಅಳಿಯ!

ಹೆಣ್ಣುಮಕ್ಕಳೆಲ್ಲ ಸೆರಗು ಸರಿಮಾಡಿಕೊಂಡು ಗೋಡೆಗೆ ಸರಿದರು. ಗದ್ದಲ ನಿಂತಿತು. ಹಾಲು ಹಲಗೆಯ ಅಂಚಿನಿಂದ ತೊಟತೊಟ ನೆಲಕ್ಕೆ ಬೀಳುವುದಷ್ಟೇ ಕೇಳುತ್ತಿತ್ತು. ಜೋಕಾಲಿಯ ಹಗ್ಗ ಹಿಡಿದು ಶಾಂತಾ ಎದ್ದು ನಿಂತಳು. ಇವನು ಹೀಗೇ ತಿರುಗಿ ಹೊರಟರೆ? ಇಷ್ಟು ಜನರ ಎದುರಿಗೆ ಹೊರಟರೆ? ನಾನು ಬಾಯಿ ತೆರೆದೆ. ನನ್ನ ಬಾಯಿಂದ ಬಂದ ಮಾತು ಇದು:

"ಬರ್ರಿ ಮಲ್ಲಿನಾಥವ್ರ. ಬಸ್ಸಿನಾಗ ಜಾಗಾ ಸಿಕ್ಕಿತ್ತ?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಹಲಗೆಯನ್ನು ನೋಡಿದ. ಬೆರಳಿನಿಂದ ಮಣ್ಣು ಸರಿಸಿ ಕೆಂಪು ಕಾರನ್ನು ಎತ್ತಿ ತಿರುಗಿಸಿದ. ಗಾಲಿ ಸುತ್ತಿಸಿದ. ತೋಡಿನೊಳಗೆ ಉಗುರು ಇಳಿಸಿದ.

"ಸ್ಲಾಟ್ ಎಷ್ಟು ಆಳ ಹೊಡಿಸೀರಿ?"

"ಎರಡು ಸೂತ."

"ಮೂರು ಬೇಕು."

"ಬಡಿಗ್ಯಾ ಮೂರಕ್ಕ ಜಾಸ್ತಿ ಕೇಳಿದ."

"ಯಾರ ಸಲುವಾಗಿ ಮಾಡಿಸಿದ್ದು ಇದು?"

ನಾನು ಮಣ್ಣೆತ್ತುಗಳನ್ನು ನೋಡಿದೆ. ಉತ್ತರ ಕೊಟ್ಟವಳು ಗೌರವ್ವ. "ನಿಮ್ಮ ಸಲುವಾಗಿ. ತಪ್ಪಾತು ಅಂತ ಒಂದು ಕಾಗದ ಬರೀರಿ ಅಂದೆ. ಅದಾಗಲಿಲ್ಲ ಇವ್ರಿಗೆ. ಒಂದು ತಿಂಗಳು ಕಟಿಗಿ ಕೊರದಾರ."

ಅಳಿಯನ ತುಟಿ ಒಂದು ಕಡೆ ಅಲುಗಿತು. ಆಮೇಲೆ ಇನ್ನೊಂದು ಕಡೆ. ಗೋಡೆಗೆ ಸರಿದ ಹೆಣ್ಣುಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ! ಓವರ್ಸಿಯರು ಚೀಲ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಅಲ್ಲೇ ಕೂತ.

ಕರೆಂಟಿಲ್ಲ, ಡಬ್ಬಿ ಸುಟ್ಟಿದೆ, ತೋಡುಗಳ ಬಾಯಿ ಉಬ್ಬಿ ಮುಚ್ಚಿವೆ. ಆದರೂ ಅವನು ಪ್ಯಾಂಟು ಮಡಚಿ ಮೊಣಕಾಲೂರಿ ಕೆಂಪು ಕಾರನ್ನು ಬೆರಳಿನಿಂದ ದಬ್ಬಿದ. ಹಸಿರನ್ನು ನಾನು ಹಿಡಿದೆ. ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೇ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಹೇಳಿದ್ದ. ಊಟವಾಯಿತು, ಶಾಂತಾ ಚೀಲ ಕಟ್ಟಿಕೊಂಡು ನಿಂತಳು. ನಾವು ಮತ್ತೆ ಹಲಗೆಯ ಮುಂದೆ ಕೂತೆವು.

"ನೀವು ಹಿರ್ಯಾರು, ಕಾಲು ಸುತ್ತು ಮುಂದ ಬಿಡ್ತೇನಿ, ಮಾವಾರ."

"ಕಾಲು ಯಾತಕ್ಕೂ ಆಗೂದಿಲ್ಲ. ಮುಕ್ಕಾಲು ಬಿಡ್ರಿ."

"ಅರ್ಧ."

"ಅರ್ಧ, ಮ್ಯಾಲ ಮನಗೂಳಿ ತನಕ."

"ರೀ, ಬಸ್ಸಿನ ಹೊತ್ತಾತು," ಎಂದಳು ಶಾಂತಾ.

"ಬಂದೆ, ಇದೊಂದು ಸುತ್ತು," ಎಂದ ಅಳಿಯ.

ಅವನು ನಾಲ್ಕು ಸುತ್ತು ಗೆದ್ದ, ನಾನು ಮೂರು. ಎಂಟನೆಯದಕ್ಕೆ ಕೂತಾಗ ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ಒಳಗೆ ಬಾಗಿಲು ಹಾಕಿದ ಸದ್ದಾಯಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಈಗ ಮುನಿಸಿಕೊಂಡವಳು ಮಗಳು!

"ತಿಂಗಳ ಮ್ಯಾಲಾತು ಹಾದಿ ನೋಡಕೋತ ಕೂತೇನಿ ನಾನು," ಎಂದಳು ಬಾಗಿಲ ಹಿಂದಿನಿಂದ. "ಒಂದು ಕಾಗದ ಇಲ್ಲ. ಬಂದವ್ರು ನನ್ನ ಮಾರಿ ನೋಡೂಕಿಂತ ಮದಲ ಆ ಕಾರಿನ ಗಾಲಿ ನೋಡಿದ್ರಿ. ನಾ ಬರೂದಿಲ್ಲ. ನೀವಿಬ್ರೂ ಆಡಕೋತ ಇರ್ರಿ!"

ಅಳಿಯನ ನಗು ಇಳಿಯಿತು. ಬಾಗಿಲ ಹತ್ತಿರ ಹೋಗಿ, ನನ್ನ ಎದುರಿಗೇ, ಗೌರವ್ವನ ಎದುರಿಗೇ ಹೇಳಿದ: "ತಪ್ಪಾತು, ಶಾಂತಾ. ಸಿಟ್ಟು ನಿಮ್ಮಪ್ಪನ ಮ್ಯಾಲ ಇತ್ತು, ಶಿಕ್ಷಾ ನಿನಗ ಕೊಟ್ಟೆ. ತಪ್ಪಾತು."

ಒಂದು ಮಾತೂ ಕಡಿಮೆ ಮಾಡಲಿಲ್ಲ! ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟ.

ಒಳಗೆ ಅಗುಳಿ ಅಲುಗಿದ ಸದ್ದಾಯಿತು. ಆಮೇಲೆ, "ಅಪ್ಪಾ, ನಿಂದು?"

"ನಂದೇನವ್ವಾ?"

"ವಾಚಿನ ಮಾತು. ಅದನ್ನಂದ್ರ ನಾಳೆ ಬಸ್ಸು ಹತ್ತತೇನಿ. ಇಲ್ಲಾಂದ್ರ ಇಲ್ಲ."

ನಾನು ಪಡಸಾಲೆಯಲ್ಲಿ ಹಾಲು ಒರೆಸುವ ಅರ್ಜೆಂಟು ಕೆಲಸಕ್ಕೆ ಹೊರಟುಹೋದೆ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅಳಿಯ ಒಳಗೆ ಸೀಟು ಹಿಡಿದು ಕೂತ. ಶಾಂತಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. ಇನ್ನೊಂದು ಕಾಲು ನೆಲದ ಮೇಲೇ ಇತ್ತು. ಕಂಡಕ್ಟರು ಸೀಟಿ ಬಾಯಿಗಿಟ್ಟುಕೊಂಡು ಕಾಯುತ್ತಿದ್ದ.

"ಅಪ್ಪಾ."

ನಾನು ಕಿಡಕಿಯ ಹತ್ತಿರ ಹೋದೆ. "ಮಲ್ಲಿನಾಥವ್ರ, ಆ ವಾಚಿನ ಮಾತು... ಅದರಾಗ ನಾಕಾಣೆ ನಂದೂ ತಪ್ಪೈತಿ."

"ಅಪ್ಪಾ!"

"ಎಂಟಾಣೆ."

ಶಾಂತಾ ಮೆಟ್ಟಿಲ ಮೇಲಿನ ಕಾಲನ್ನೂ ಕೆಳಗಿಳಿಸಿದಳು.

"ಹನ್ನೆರಡಾಣೆ ಅನ್ನೂಣ ಬಿಡವ್ವಾ!"

"ಯಜಮಾನ್ರ," ಎಂದ ಕಂಡಕ್ಟರು, "ಲಗೂನ ಹದಿನಾರಾಣೆ ಮಾಡಿ ಬಿಡ್ರಿ. ಗಾಡಿ ಬಿಡಬೇಕು!"

ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಮಗಳ ಕಾಲು ನೆಲದ ಮೇಲಿತ್ತು. ನಾನು ಕಿಡಕಿಯ ಸರಳು ಹಿಡಿದು ಕಣ್ಣು ಮುಚ್ಚಿದೆ.

"ಹದಿನಾರಾಣೆ ನಂದ ತಪ್ಪು. ನಿಮ್ಮ ದುಡಿಮಿ ವಾಚು. ನಾಲ್ಕು ಮಂದ್ಯಾಗ ಹಂಗ ಅನಬಾರದಿತ್ತು."

ಅಳಿಯ ಎದ್ದು ಕಿಡಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದ. "ಎಂಟಾಣೆ ನಂದೂ ಐತಿ ಬಿಡ್ರಿ, ಮಾವಾರ," ಎಂದ.

ಶಾಂತಾ ಬಸ್ಸು ಹತ್ತಿದಳು. ಸೀಟಿ ಊದಿತು, ಧೂಳೆದ್ದಿತು, ಬಸ್ಸು ಹೋಯಿತು. ನಾನು ಬೆಪ್ಪಾಗಿ ನಿಂತೆ. ಹುಟ್ಟಿದ ಮೇಲೆ ಮೊದಲ ಸಲ ಕೇಳಿದಷ್ಟೂ ಬೆಲೆ ಕೊಟ್ಟಿದ್ದೆ. ಕೊಟ್ಟ ತಕ್ಷಣ ಅರ್ಧ ತಾನಾಗಿಯೇ ವಾಪಸು ಬಂತು! ಇಷ್ಟು ವರ್ಷ ಟವೆಲ್ಲಿನ ಕೆಳಗೆ ಬೆರಳು ಹಿಂಡಿ ಹಿಂಡಿ ನಾನು ಮಾಡಿದ್ದೇನು ಎಂದು ದೊಡ್ಡ ಯೋಚನೆಗೆ ಬಿದ್ದೆ.

ಪಕ್ಕದಲ್ಲಿ ನಿಂತಿದ್ದ ಗೌರವ್ವ ಕಣ್ಣೊರೆಸಿಕೊಂಡು ಸೆರಗು ಸರಿಮಾಡಿಕೊಂಡಳು. ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು.

"ಅಂತೂ ಆ ಮಾತು ನಿಮ್ಮ ಬಾಯಿಂದ ಹೊರಡತದ ಅಂತ ಗೊತ್ತಾತಲ್ಲ. ಮನಿಗೆ ನಡೀರಿ. ನನಗ ಹೇಳಬೇಕಾದ ತಪ್ಪೂ ಇಪ್ಪತ್ತೆರಡು ವರ್ಷದವು ಕೂತಾವ. ಒಂದೊಂದಾಗಿ ಹೇಳೀರಂತ."

ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಆ ದಿನ ನಾನು ಅದನ್ನು ಒಂದು ತಾಸಿನಲ್ಲಿ ನಡೆದೆ.